ದಾಳ ಯಾರ ಕೈಯಲ್ಲಿರಬೇಕು?

ತಿರುವಲ್ಲಿಕೇಣಿಯ ಪಾರ್ಥಸಾರಥಿ ಸ್ವಾಮಿಯ ಉತ್ಸವಮೂರ್ತಿಯ ಮುಖದಲ್ಲಿ ಗಾಯದ ಕಲೆಗಳಿವೆ. ಕುರುಕ್ಷೇತ್ರದಲ್ಲಿ ಅರ್ಜುನನ ರಥ ನಡೆಸುತ್ತಿದ್ದಾಗ ಭೀಷ್ಮನ ಬಾಣಗಳು ತಾಗಿ ಆದ ಗಾಯಗಳು ಅವು ಎಂಬುದು ಸ್ಥಳದ ನಂಬಿಕೆ. ಯುದ್ಧದಲ್ಲಿ ಆಯುಧ ಹಿಡಿಯುವುದಿಲ್ಲವೆಂದು ಮಾತು ಕೊಟ್ಟಿದ್ದರಿಂದ ಇಲ್ಲಿನ ಮೂಲಮೂರ್ತಿಯ ಕೈಯಲ್ಲಿ ಶಂಖವಿದೆ, ಚಕ್ರವಿಲ್ಲ. ಆ ಮಹಾಯುದ್ಧದ ಕಾರಣವನ್ನು ಹುಡುಕುತ್ತ ಹಿಂದೆ ಹಿಂದೆ ಹೋದರೆ ನಾವು ಬಂದು ನಿಲ್ಲುವುದು ಒಂದು ಆಟದ ಹಾಸಿನ ಮುಂದೆ. ಹಸ್ತಿನಾವತಿಯ ಆ ಸಭೆಯಲ್ಲಿ ಆಟ ನ್ಯಾಯವಾಗಿ ನಡೆದಿದ್ದರೆ ಕಥೆಯೇ ಬೇರೆಯಾಗುತ್ತಿತ್ತು.

ಶಕುನಿಯ ದಾಳಗಳು ಅವನ ತಂದೆಯ ಎಲುಬಿನಿಂದ ಮಾಡಿದವು ಎಂದು ನಮ್ಮ ಅಜ್ಜಿಯರು ಕಥೆ ಹೇಳುತ್ತಿದ್ದರು. ಆ ಮಾತು ವ್ಯಾಸಭಾರತದಲ್ಲಿಲ್ಲ, ಜನರ ಬಾಯಲ್ಲಿ ಬೆಳೆದದ್ದು. ಆದರೆ ವ್ಯಾಸರ ಸಭಾಪರ್ವದಲ್ಲಿ ಅದಕ್ಕಿಂತ ಮುಖ್ಯವಾದ ಒಂದು ಸಂಗತಿ ಇದೆ. ಆಟಕ್ಕೆ ಕುಳಿತಾಗ ದುರ್ಯೋಧನನು, ಪಣದ ಹಣ ನನ್ನದು, ಆಡುವವನು ಮಾತ್ರ ನನ್ನ ಮಾವ ಎನ್ನುತ್ತಾನೆ. ಒಬ್ಬನಿಗಾಗಿ ಇನ್ನೊಬ್ಬನು ಆಡುವುದು ನ್ಯಾಯವೆಂದು ತನಗೆ ತೋರುವುದಿಲ್ಲ ಎಂದು ಧರ್ಮರಾಯ ಆಗಲೇ ಆಕ್ಷೇಪಿಸುತ್ತಾನೆ. ಆಕ್ಷೇಪಿಸಿಯೂ ಆಡುತ್ತಾನೆ. ಅಂದರೆ ಮೋಸದಾಟಕ್ಕೆ ಎರಡು ಬಾಗಿಲು: ದಾಳ ಯಾರ ಕೈಯಲ್ಲಿದೆ ಎಂಬುದೊಂದು, ನಿಜವಾಗಿ ಆಡುತ್ತಿರುವವನು ಯಾರು ಎಂಬುದು ಇನ್ನೊಂದು. ಇವತ್ತು ನಮ್ಮ ಮನೆಗಳಲ್ಲಿ ಹುಡುಗರು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಮುಖ ಕಾಣದ ನೂರು ಜನರೊಡನೆ ಫೋನಿನಲ್ಲಿ ಆಡುವ ಆಟಗಳಿಗೂ ಇವೇ ಎರಡು ಬಾಗಿಲುಗಳು. ಇವುಗಳಿಗೆ ಬೀಗ ಹಾಕಲು ಮನುಷ್ಯ ಮಾಡಿದ ಪ್ರಯತ್ನಗಳ ಚರಿತ್ರೆ ಸ್ವಾರಸ್ಯವಾದದ್ದು. ಅದರ ಎರಡು ಹಳೆಯ ಅಧ್ಯಾಯಗಳಲ್ಲಿ ಕನ್ನಡ ನಾಡಿಗೂ ಪಾಲಿದೆ.

1905ರಲ್ಲಿ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಒಂದು ತಾಳೆಯೋಲೆಯ ಕಟ್ಟನ್ನು ಮೈಸೂರಿನ ಸರ್ಕಾರಿ ಪ್ರಾಚ್ಯ ಪುಸ್ತಕಾಲಯಕ್ಕೆ ಒಪ್ಪಿಸಿದರು. ಅಲ್ಲಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಅದನ್ನು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ 1909ರಲ್ಲಿ ಮುದ್ರಿಸಿದರು. 1915ರಲ್ಲಿ ಅವರ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ತಮಿಳು ಸೀಮೆಯ ಓಲೆ, ಕನ್ನಡ ಸೀಮೆಯ ವಿದ್ವಾಂಸ, ಇಬ್ಬರ ದೆಸೆಯಿಂದ ಲೋಕಕ್ಕೆ ಸಿಕ್ಕ ಆ ಗ್ರಂಥದ ಮೂರನೆಯ ಅಧಿಕರಣದ ಕೊನೆಯ ಅಧ್ಯಾಯದಲ್ಲಿ ಜೂಜಿನ ಕಟ್ಟಳೆಗಳಿವೆ.

ಜೂಜು ಬಿಡುವ ಚಟವಲ್ಲವೆಂದು ಕೌಟಿಲ್ಯನಿಗೆ ಗೊತ್ತು. ಆದ್ದರಿಂದ ಅವನು ಅದನ್ನು ಒಂದೇ ಕಡೆ ನಡೆಯುವಂತೆ ಮಾಡುತ್ತಾನೆ. ದ್ಯೂತಾಧ್ಯಕ್ಷನೆಂಬ ಅಧಿಕಾರಿ ಇರುತ್ತಾನೆ. ಅವನ ಮನೆಯಲ್ಲಲ್ಲದೆ ಬೇರೆಲ್ಲಿ ಆಡಿದರೂ 12 ಪಣ ದಂಡ. ಕವಡೆ, ದಾಳಗಳನ್ನು ಆಟಗಾರ ತರುವಂತಿಲ್ಲ. ಶುದ್ಧವಾದವುಗಳನ್ನು ಅಧಿಕಾರಿಯೇ ಇಡಬೇಕು. ಅವುಗಳ ಬದಲು ಬೇರೆ ಇಟ್ಟರೆ ಮತ್ತೆ 12 ಪಣ. ಕೈಚಳಕದಿಂದ ಮೋಸ ಮಾಡಿದರೆ ದೊಡ್ಡ ದಂಡ, ಗೆದ್ದದ್ದೂ ವಾಪಸು. ಗೆದ್ದ ಹಣದಲ್ಲಿ ನೂರಕ್ಕೆ ಐದು ಪಾಲು ಅಧ್ಯಕ್ಷನಿಗೆ. ದಾಳದ ಬಾಡಿಗೆ, ನೀರಿನ ಮತ್ತು ಜಾಗದ ಬಾಬ್ತು ಬೇರೆ.

ಇಷ್ಟರಲ್ಲೇ ಒಂದು ಸೂಕ್ಷ್ಮವಾದ ಚರ್ಚೆಯೂ ಬರುತ್ತದೆ. ಆಟದ ಬಗ್ಗೆ ತಕರಾರು ಬಂದಾಗ ಗೆದ್ದವನಿಗಿಂತ ಸೋತವನಿಗೇ ಹೆಚ್ಚು ದಂಡ ಹಾಕಬೇಕು, ಸೋಲನ್ನು ತಾಳಲಾರದೆ ದೂರು ತರುತ್ತಾನೆ ಎಂಬುದು ಹಿಂದಿನ ಆಚಾರ್ಯರ ಮತ. ಕೌಟಿಲ್ಯ ಅದನ್ನು ಒಪ್ಪುವುದಿಲ್ಲ. ಸೋತವನ ಮೇಲೆಯೇ ಭಾರ ಹೊರಿಸಿದರೆ ಆಮೇಲೆ ಒಬ್ಬನೂ ರಾಜನ ಬಳಿಗೆ ದೂರು ತೆಗೆದುಕೊಂಡು ಬರುವುದಿಲ್ಲ, ಜೂಜುಗಾರರಾದರೋ ಬಹುಮಟ್ಟಿಗೆ ಮೋಸದಾಟದವರೇ ಎಂಬುದು ಅವನ ವಾದ. ದೂರು ಹೇಳುವವನಿಗೆ ಹೆದರಿಕೆಯಾದರೆ ಮೋಸಗಾರನಿಗೆ ಹಬ್ಬ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಎರಡನೆಯ ಅಧ್ಯಾಯ ಬಸವಕಲ್ಯಾಣದ್ದು. ಚಾಲುಕ್ಯ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದನು. ಅವಿಭಕ್ತ ಕುಟುಂಬದ ಆಸ್ತಿ ಪಾಲಿನ ಮೊಕದ್ದಮೆಗಳಲ್ಲಿ ಕೋರ್ಟುಗಳು ಹೆಸರಿಸುತ್ತ ಬಂದಿರುವ ಗ್ರಂಥ ಇದೇ. ಪಾಲುಪಟ್ಟಿಯ ಈ ಗ್ರಂಥದಲ್ಲಿ ಜೂಜಿನ ಪ್ರಕರಣವೂ ಇದೆಯೆಂಬುದು ಅನೇಕರ ಗಮನಕ್ಕೆ ಬಂದಿರಲಾರದು. ಆಟದ ಮನೆಯ ಯಜಮಾನನಿಗೆ ಅಲ್ಲಿ ಸಭಿಕನೆಂದು ಹೆಸರು. ರಾಜನಿಗೆ ಒಪ್ಪಿದ ಪಾಲು ಕೊಟ್ಟು ಅವನು ಆಟ ನಡೆಸಬೇಕು, ಸೋತವನಿಂದ ವಸೂಲು ಮಾಡಿ ಗೆದ್ದವನಿಗೆ ತಲುಪಿಸಬೇಕು. ತಕರಾರು ಎದ್ದರೆ ತೀರ್ಪುಗಾರರೂ ಸಾಕ್ಷಿಗಳೂ ಆಟಗಾರರೇ. ಕಳ್ಳದಾಳದಿಂದಲೋ ಕಪಟದಿಂದಲೋ ಆಡಿದವನ ಮೈಮೇಲೆ ಗುರುತು ಹಾಕಿ ರಾಜ್ಯದಿಂದ ಹೊರಗಟ್ಟಬೇಕು. ಇನ್ನು ಆಟವೆಲ್ಲ ಒಬ್ಬನ ಮೇಲ್ವಿಚಾರಣೆಯಲ್ಲೇ ನಡೆಯಬೇಕು, ಏಕೆಂದರೆ ಕಳ್ಳರನ್ನು ಪತ್ತೆಮಾಡಲು ಅದರಿಂದ ಅನುಕೂಲ.

ಈಗ ಒಂಬೈನೂರು ವರ್ಷ ದಾಟಿ ಬರೋಣ. ಹಲವರು ದೂರ ದೂರದ ಗಣಕಯಂತ್ರಗಳ ಮುಂದೆ ಕುಳಿತು ಒಂದೇ ಆಟವನ್ನು ಆಡುವ ಮೊದಮೊದಲ ಏರ್ಪಾಡುಗಳಲ್ಲೊಂದು 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಷಾ ಮತ್ತು ರಿಚರ್ಡ್ ಬಾರ್ಟಲ್ ಎಂಬ ವಿದ್ಯಾರ್ಥಿಗಳಿಂದ ರೂಪುಗೊಂಡಿತು. ಅದೆಲ್ಲ ಬರೀ ಅಕ್ಷರದ ಆಟ. ಆಟವೆಲ್ಲ ವಿಶ್ವವಿದ್ಯಾಲಯದ ದೊಡ್ಡ ಯಂತ್ರದೊಳಗೇ ನಡೆಯುತ್ತಿತ್ತು. ಆಟಗಾರನ ಮುಂದಿದ್ದದ್ದು ಟೈಪು ಮಾಡುವ ಮಣೆ ಮಾತ್ರ. ಹೀಗೆ ಎಲ್ಲರ ನಡೆಗಳನ್ನೂ ಪಡೆದು, ಲೆಕ್ಕ ಹಾಕಿ, ಫಲವನ್ನು ಎಲ್ಲರಿಗೂ ತಿಳಿಸುವ ಕೇಂದ್ರ ಯಂತ್ರಕ್ಕೆ ಸರ್ವರ್ ಎನ್ನುತ್ತಾರೆ. ಕೌಟಿಲ್ಯನ ಆಟದ ಮನೆಯೇ ಅದು. ದಾಳವೆಲ್ಲ ಅಲ್ಲಿಯೇ ಇದ್ದಷ್ಟು ಕಾಲ ಕಳ್ಳದಾಳ ತರಲು ಎಡೆಯಿರಲಿಲ್ಲ.

ತೊಂದರೆ ಶುರುವಾದದ್ದು ಓಡುತ್ತ, ಗುಂಡು ಹಾರಿಸುತ್ತ ಆಡುವ ಚಿತ್ರದ ಆಟಗಳು ಬಂದ ಮೇಲೆ. ಇದಕ್ಕೆ ಕಾರಣ ಭೌತಶಾಸ್ತ್ರದ್ದು. ಚೆನ್ನೈಯಿಂದ ಸಿಂಗಪುರಕ್ಕೆ ಸುಮಾರು 2,900 ಕಿಲೋಮೀಟರು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಹೋಗುತ್ತದೆ. ನೇರವಾಗಿ ಹೋಗಿ ಬಂದರೂ ಸೆಕೆಂಡಿನ ನೂರರಲ್ಲಿ ಮೂರು ಭಾಗ ಬೇಕು. ನಡುವಿನ ಕಟ್ಟೆಗಳಲ್ಲಿ ನಿಂತು ಬರುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಪ್ರತಿ ಹೆಜ್ಜೆಗೂ ಸರ್ವರಿನ ಅಪ್ಪಣೆಗಾಗಿ ಕಾದರೆ ಆಟ ಕುಂಟುತ್ತದೆ. ಆದ್ದರಿಂದ ಎದುರಾಳಿಗಳು ಎಲ್ಲೆಲ್ಲಿದ್ದಾರೆ ಎಂಬ ವಿವರವನ್ನು ಆಟಗಾರನ ಯಂತ್ರಕ್ಕೆ ಮೊದಲೇ ಕಳುಹಿಸಿ, ಚಿತ್ರವನ್ನು ಅದೇ ಬರೆದುಕೊಳ್ಳಲಿ ಎಂದು ಬಿಡಬೇಕಾಯಿತು. ಅಷ್ಟರಮಟ್ಟಿಗೆ ದಾಳ ಮತ್ತೆ ಆಟಗಾರನ ಕೈಗೆ ಬಂತು.

1996ರಲ್ಲಿ ಇಂಟರ್‌ನೆಟ್ಟಿನ ಮೂಲಕ ಆಡಲೆಂದೇ ಹೊರಬಂದ ಕ್ವೇಕ್‌ವರ್ಲ್ಡ್ ಎಂಬ ಆಟದಲ್ಲಿ ಇದರ ಫಲ ಕಾಣಿಸಿತು. ಯಂತ್ರಕ್ಕೆ ಬಂದ ವಿವರವನ್ನು ನಡುವೆಯೇ ಓದಿ ಗುರಿ ತಪ್ಪದಂತೆ ಗುಂಡು ಹಾರಿಸುವ ತಂತ್ರಾಂಶಗಳು ಹುಟ್ಟಿದವು. ಕಣ್ಣು ಮನುಷ್ಯನದು, ಗುರಿ ಯಂತ್ರದ್ದು. ಗೋಡೆಯ ಹಿಂದೆ ಅಡಗಿದವರನ್ನು ತೋರಿಸುವ ಇನ್ನೊಂದು ಬಗೆಯೂ ಮುಂದೆ ಬಳಕೆಗೆ ಬಂತು. 1999ರ ಡಿಸೆಂಬರಿನಲ್ಲಿ ಕ್ವೇಕ್ ಆಟದ ಮೂಲ ಲಿಪಿಯನ್ನೇ ಕಂಪನಿಯವರು ಸಾರ್ವಜನಿಕರಿಗೆ ಬಿಟ್ಟುಕೊಟ್ಟಾಗ ಇಂಥ ಕಪಟಗಳ ಮಹಾಪೂರವೇ ಬಂತು. ಆಗ ನಡೆದ ಚರ್ಚೆಯಿಂದ ಹೊರಟ ಪಾಠ ಸರಳವಾದದ್ದು: ಆಟಗಾರನ ಯಂತ್ರ ಹೇಳಿದ್ದನ್ನು ಸರ್ವರು ನಂಬಬಾರದು. ನಾನು ಇಷ್ಟು ವೇಗವಾಗಿ ಓಡಿದೆ ಎಂದು ಆ ಯಂತ್ರ ವರದಿ ಮಾಡಿದರೆ, ಅಷ್ಟು ಓಡುವುದು ಸಾಧ್ಯವೇ ಎಂದು ಸರ್ವರು ತಾನೇ ಲೆಕ್ಕ ಹಾಕಬೇಕು. ಕಾಣಬಾರದ್ದನ್ನು ಕಳುಹಿಸಲೇಬಾರದು. ಬಿಲ್ಲು ಬರೆದವನೇ ಅದನ್ನು ಪಾಸು ಮಾಡಕೂಡದು ಎಂಬ, ಸರ್ಕಾರಿ ಕಚೇರಿಯ ಗುಮಾಸ್ತರಿಗೆಲ್ಲ ಗೊತ್ತಿರುವ ಸೂತ್ರವೇ ಇದು.

ಸರ್ವರಿನಿಂದ ತಡೆಯಲಾಗದ್ದಕ್ಕೆ ಕಾವಲುಗಾರರು ಬೇಕಾದರು. ಕೌಂಟರ್ ಸ್ಟ್ರೈಕ್ ಆಟದ ವಾಲ್ವ್ ಕಂಪನಿ 2002ರಲ್ಲಿ ಒಂದು ಕಾವಲು ತಂತ್ರಾಂಶವನ್ನು ಜಾರಿಗೆ ತಂದಿತು. ಗೊತ್ತಿರುವ ಕಳ್ಳ ತಂತ್ರಾಂಶಗಳ ಗುರುತನ್ನು ಇಟ್ಟುಕೊಂಡು ಆಟಗಾರನ ಯಂತ್ರದಲ್ಲಿ ಅದು ಹುಡುಕುತ್ತದೆ. ಸಿಕ್ಕ ಕೂಡಲೇ ಹಿಡಿಯುವುದಿಲ್ಲ. ಕೆಲವು ದಿನ ಸುಮ್ಮನಿದ್ದು ಅನೇಕರನ್ನು ಒಟ್ಟಿಗೆ ಹೊರಹಾಕುತ್ತದೆ. ಯಾವುದರಿಂದ ಸಿಕ್ಕಿಬಿದ್ದೆವೆಂದು ಕಳ್ಳ ತಂತ್ರಾಂಶ ಮಾಡುವವರಿಗೆ ತಿಳಿಯಬಾರದೆಂದು ಈ ಉಪಾಯ. ಹೊರಬಿದ್ದವನ ಹೆಸರಿನ ಪುಟದಲ್ಲಿ ಆ ಸಂಗತಿ ಎಲ್ಲರಿಗೂ ಕಾಣುವಂತೆ ಉಳಿಯುತ್ತದೆ. ಯಾಜ್ಞವಲ್ಕ್ಯ ಸ್ಮೃತಿಯ ಗುರುತು ಮತ್ತು ಗಡೀಪಾರು ನೆನಪಾಗುವುದಿಲ್ಲವೇ? 2013ರಲ್ಲಿ ಅದೇ ಕಂಪನಿ ಇನ್ನೊಂದು ಹೆಜ್ಜೆ ಇಟ್ಟಿತು. ಅನುಮಾನ ಬಂದ ಆಟದ ದಾಖಲೆಯನ್ನು, ಹೆಸರು ಮರೆಮಾಡಿ, ನುರಿತ ಆಟಗಾರರಿಗೇ ತೋರಿಸಿ ಅವರ ಅಭಿಪ್ರಾಯ ಕೇಳತೊಡಗಿತು. ಆಟಗಾರರೇ ಸಾಕ್ಷಿಗಳು, ಆಟಗಾರರೇ ಪಂಚಾಯಿತರು. ಅಮೆರಿಕದ ಆ ಎಂಜಿನಿಯರುಗಳು ಮಿತಾಕ್ಷರೆಯನ್ನು ಓದಿರಬೇಕಾಗಿಲ್ಲ. ತೊಂದರೆ ಒಂದೇ ಆದಾಗ ಉಪಾಯವೂ ಒಂದೇ ಆಗುತ್ತದೆ.

ಈ ಪಿಡುಗು ನಮ್ಮ ದೇಶದವರಿಗೂ ತಪ್ಪಲಿಲ್ಲ. 2018ರ ಅಕ್ಟೋಬರಿನಲ್ಲಿ ಶಾಂಘಾಯ್ ನಗರದ ಪಂದ್ಯದಲ್ಲಿ ಭಾರತದ ತಂಡವೊಂದರ ಆಟಗಾರ ಗುರಿ ಹಿಡಿಸುವ ತಂತ್ರಾಂಶವನ್ನು ಬಳಸುತ್ತಿದ್ದುದು ಆಟದ ನಡುವೆಯೇ ಪತ್ತೆಯಾಯಿತು. ಪತ್ರ ಬರೆಯುವ ಸಾಮಾನ್ಯ ತಂತ್ರಾಂಶದ ಹೆಸರನ್ನು ಅದಕ್ಕೆ ಇಟ್ಟಿದ್ದ. ತಂಡವನ್ನೇ ಪಂದ್ಯದಿಂದ ಹೊರಹಾಕಿದರು, ಅವನಿಗೆ 5 ವರ್ಷದ ನಿಷೇಧ ಬಿತ್ತು. ಮೋಸ ಮಾಡದ ಉಳಿದ ನಾಲ್ವರಿಗೂ ಅಲ್ಲಿಗೆ ತಂಡ ಇಲ್ಲದಂತಾಯಿತು.

ಇನ್ನು ಎರಡನೆಯ ಬಾಗಿಲು, ಒಬ್ಬನಿಗಾಗಿ ಇನ್ನೊಬ್ಬ ಆಡುವುದು. ಇದು ಸ್ಪಷ್ಟವಾಗಿ ಕಾಣುವುದು ಚದುರಂಗದಲ್ಲಿ. ಚದುರಂಗದಲ್ಲಿ ದಾಳವೇ ಇಲ್ಲ. ಬಚ್ಚಿಡುವ ಕಾಯಿಯೂ ಇಲ್ಲ. ಎಲ್ಲವೂ ಕಣ್ಣೆದುರಿಗೇ. ಮೋಸಕ್ಕೆ ಎಡೆಯೇ ಇಲ್ಲವೆಂದು ಬಹುಕಾಲ ನಂಬಿದ್ದ ಆಟ ಅದು. ಆದರೆ 1997ರಲ್ಲಿ ಡೀಪ್ ಬ್ಲೂ ಎಂಬ ಗಣಕ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಸೋಲಿಸಿತು. ಕ್ರಮೇಣ ಮನೆಯ ಗಣಕಕ್ಕೂ ಆಮೇಲೆ ಕೈಯ ಫೋನಿಗೂ ಆ ಶಕ್ತಿ ಬಂದಾಗ ಪ್ರತಿಯೊಬ್ಬನ ಜೇಬಿನಲ್ಲೂ ಒಬ್ಬ ಶಕುನಿ ಮಾವ ಬಂದು ಕುಳಿತಂತಾಯಿತು. 2006ರಲ್ಲಿ ದೆಹಲಿಯ ಪಂದ್ಯವೊಂದರಲ್ಲಿ ಆಟಗಾರನೊಬ್ಬ ಟೋಪಿಯೊಳಗೆ ಸದ್ದು ಹಿಡಿಯುವ ಯಂತ್ರವನ್ನು ಹೊಲಿದುಕೊಂಡು, ಹೊರಗಿನವರು ಗಣಕ ನೋಡಿ ಹೇಳಿದ ನಡೆಗಳನ್ನು ಆಡಿ ಸಿಕ್ಕಿಬಿದ್ದ. ಅಖಿಲ ಭಾರತ ಚದುರಂಗ ಫೆಡರೇಷನ್ ಅವನನ್ನು 10 ವರ್ಷ ಹೊರಗಿಟ್ಟಿತು.

ಪಂದ್ಯದ ಕೋಣೆಯಲ್ಲಾದರೆ ಟೋಪಿ ಬಿಚ್ಚಿಸಿ ನೋಡಬಹುದು. ಸರ್ವರಿನ ಆಟದಲ್ಲಿ ಯಾರ ಟೋಪಿ ಬಿಚ್ಚಿಸುವುದು? ಆದ್ದರಿಂದ ಅಲ್ಲಿ ಪತ್ತೆಯ ಕೆಲಸವನ್ನು ಅಂಕಗಣಿತ ಮಾಡುತ್ತದೆ. ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕೆನೆತ್ ರೀಗನ್ ಈ ಶಾಸ್ತ್ರವನ್ನು ಬೆಳೆಸಿದವರಲ್ಲಿ ಪ್ರಮುಖರು. ಇಂಥ ದರ್ಜೆಯ ಆಟಗಾರ ಇಂಥ ಕಷ್ಟದ ಸ್ಥಿತಿಯಲ್ಲಿ ಗಣಕ ಆರಿಸುವ ನಡೆಯನ್ನೇ ಎಷ್ಟು ಸಲ ಆರಿಸುತ್ತಾನೆ ಎಂದು ಹಿಂದಿನ ಸಾವಿರಾರು ಆಟಗಳಿಂದ ಲೆಕ್ಕವಿರುತ್ತದೆ. ಒಬ್ಬನ ಆಟ ಆ ಲೆಕ್ಕದಿಂದ ಬಹಳ ದೂರ ಹೋದರೆ ಅನುಮಾನಕ್ಕೆ ಆಧಾರ ಸಿಗುತ್ತದೆ. ಸುಲಭದ ನಡೆಗೂ ಕಷ್ಟದ ನಡೆಗೂ ಒಂದೇ ಸಮನಾದ ಹೊತ್ತು ತೆಗೆದುಕೊಳ್ಳುವವನ ಮೇಲೂ ಕಣ್ಣಿಡಬೇಕಾಗುತ್ತದೆ.

ಕನ್ನಡಿಗರಿಗೂ ಚೆನ್ನೈಯವರಿಗೂ ಒಟ್ಟಿಗೆ ಸಂಬಂಧಿಸಿದ ಘಟನೆ ನಡೆದದ್ದು 2021ರ ಜೂನ್ 13ರಂದು. ಕೊರೋನಾ ಸಂಕಟದಲ್ಲಿ ಅಕ್ಷಯಪಾತ್ರ ಪ್ರತಿಷ್ಠಾನಕ್ಕೆ ಹಣ ಕೂಡಿಸಲು ಚೆನ್ನೈಯ ವಿಶ್ವನಾಥನ್ ಆನಂದ್ ಅವರು ಚೆಸ್.ಕಾಂ ಎಂಬ ಸರ್ವರಿನಲ್ಲಿ ಹತ್ತು ಮಂದಿ ಖ್ಯಾತರೊಡನೆ ಚದುರಂಗವಾಡಿದರು. ನಮ್ಮ ನಟ ಸುದೀಪ್ ಅವರೂ ಆಡಿದರು. ಒಂದು ಆಟದಲ್ಲಿ ಮಾತ್ರ ಐದು ಬಾರಿಯ ವಿಶ್ವ ಚಾಂಪಿಯನ್ ಆನಂದ್ ಸೋಲೊಪ್ಪಿಕೊಂಡರು. ಎದುರಿಗಿದ್ದವರು ಬೆಂಗಳೂರಿನ ಷೇರು ವ್ಯವಹಾರದ ಜಿರೋಧಾ ಸಂಸ್ಥೆಯ ನಿಖಿಲ್ ಕಾಮತ್. ಆ ನಡೆಗಳು ಹವ್ಯಾಸಿಯದಾಗಿರಲು ಸಾಧ್ಯವಿಲ್ಲವೆಂದು ನೋಡಿದವರು ಆಗಲೇ ಗುರುತಿಸಿದರು; ಅವರ ಖಾತೆಯನ್ನು ಸರ್ವರಿನವರು ಮುಚ್ಚಿದರು. ಮಾರನೆಯ ದಿನ ಕಾಮತ್ ಅವರು, ಆಟವನ್ನು ವಿಶ್ಲೇಷಿಸುತ್ತಿದ್ದವರ ಮತ್ತು ಗಣಕಗಳ ಸಹಾಯ ತಮಗಿತ್ತೆಂದು ಬಹಿರಂಗವಾಗಿ ಹೇಳಿ ಕ್ಷಮೆ ಕೇಳಿದರು. ತಾವು ಹಲಗೆಯ ಮೇಲಿನ ಸ್ಥಿತಿಯನ್ನು ನೋಡಿ ಆಡಿದ್ದಾಗಿ, ಉಳಿದವರಿಂದಲೂ ಅದನ್ನೇ ನಿರೀಕ್ಷಿಸಿದ್ದಾಗಿ ಆನಂದ್ ಹೇಳಿ ಸುಮ್ಮನಾದರು. ಅದು ಅಂಕಕ್ಕೆ ಸೇರದ ಆಟವಾದ್ದರಿಂದಲೂ ಆನಂದ್ ಅವರು ಮುಂದುವರಿಸಲು ಇಷ್ಟಪಡದಿದ್ದುದರಿಂದಲೂ ಖಾತೆಯನ್ನು ಮತ್ತೆ ತೆರೆಯಲಾಯಿತು. ದಾನಕ್ಕಾಗಿ ನಡೆದ ಆಟದಲ್ಲಿ ಯಾರ ಹಣವೂ ಹೋಗಲಿಲ್ಲ, ನಿಜ. ಆದರೆ ಧರ್ಮರಾಯನ ಹಳೆಯ ಆಕ್ಷೇಪ ಅಲ್ಲಿಯೂ ಎದ್ದು ನಿಂತಿತು.

ಹಾಗಾದರೆ ಕಾವಲನ್ನು ಇನ್ನಷ್ಟು ಬಿಗಿಮಾಡಿಬಿಡೋಣವೆಂದರೆ ಅದಕ್ಕೂ ಬೆಲೆ ಇದೆ. ಕಾವಲುಗಾರ ತಪ್ಪಬಹುದು. 2010ರ ಜುಲೈನಲ್ಲಿ ವಾಲ್ವ್ ಕಂಪನಿಯ ಕಾವಲು ಸುಮಾರು 12,000 ನಿರಪರಾಧಿಗಳನ್ನು ಕಳ್ಳರೆಂದು ಹೊರಹಾಕಿತು. ಕಂಪನಿ ಕ್ಷಮೆ ಕೇಳಿ, ಅವರಿಗೆ ಒಂದು ಆಟವನ್ನು ಪುಕ್ಕಟೆಯಾಗಿ ಕೊಟ್ಟಿತು. ಕಾವಲುಗಾರ ಕಳ್ಳನೂ ಆಗಬಹುದು. 2013ರಲ್ಲಿ ಅಮೆರಿಕದ ಇ.ಎಸ್.ಇ.ಎ. ಎಂಬ ಆಟದ ಸಂಸ್ಥೆಯ ಕಾವಲು ತಂತ್ರಾಂಶ, ಆಟಗಾರರ ಸುಮಾರು 14,000 ಯಂತ್ರಗಳಲ್ಲಿ ಅವರಿಗೆ ತಿಳಿಯದಂತೆ ಬಿಟ್‌ಕಾಯಿನ್ ಹಣ ಉತ್ಪಾದಿಸುತ್ತಿದ್ದುದು ಹೊರಬಿತ್ತು. ನ್ಯೂಜೆರ್ಸಿ ರಾಜ್ಯ ಸರ್ಕಾರದೊಡನೆ 10 ಲಕ್ಷ ಡಾಲರಿಗೆ ರಾಜಿಯಾಯಿತು. 2020ರಲ್ಲಿ ವ್ಯಾಲರೆಂಟ್ ಎಂಬ ಆಟದ ಜೊತೆಗೆ ಬಂದ ಕಾವಲು, ಗಣಕ ಎಚ್ಚರವಾಗುವಾಗಲೇ ತಾನೂ ಎದ್ದು ಯಂತ್ರದ ತಳದಲ್ಲಿ ಕೂರುತ್ತದೆ. ಆಟ ಆಡದ ಹೊತ್ತಿನಲ್ಲೂ ಅದು ಮನೆಯೊಳಗೇ ಇರುತ್ತದೆ. ಜೂಜಿನ ಮನೆಯನ್ನು ಒಂದೇ ಕಡೆ ಇಡುವುದರಿಂದ ಗುಟ್ಟಾಗಿ ಜೀವನ ನಡೆಸುವವರ ಪತ್ತೆಯೂ ಆಗುತ್ತದೆ ಎಂದು ಕೌಟಿಲ್ಯನೂ ಲೆಕ್ಕ ಹಾಕಿದ್ದ. ಆಟದ ಕಾವಲಿಗೆಂದು ಒಳಗೆ ಬಿಟ್ಟ ಕಣ್ಣು ಆಟದ ಮೇಲೆ ಮಾತ್ರ ನಿಲ್ಲುತ್ತದೆಂದು ಹೇಳಲಾಗದು.

ಆಟವನ್ನೇ ನಿಲ್ಲಿಸಿಬಿಡುವುದು ಮೂರನೆಯ ದಾರಿ. ಜೂಜನ್ನು ರಾಜ್ಯದಿಂದಲೇ ತೊಲಗಿಸಬೇಕೆಂದು ಮನುಸ್ಮೃತಿ ಹೇಳುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಪಣವಿಲ್ಲದ ಸ್ಪರ್ಧೆಯ ಆಟಗಳಿಗೆ ಮಾನ್ಯತೆ ಕೊಡುವ ಕಾಯ್ದೆಯನ್ನು 2025ರ ಆಗಸ್ಟಿನಲ್ಲಿ ನಮ್ಮ ಪಾರ್ಲಿಮೆಂಟು ಅಂಗೀಕರಿಸಿತು. ಹಣದ ಮಾತಿಗೆ ಅದು ಉತ್ತರವಾದೀತು. ಮೋಸದ ಮಾತು ಪಣವಿಲ್ಲದ ಆಟದಲ್ಲೂ ಉಳಿದೇ ಇರುತ್ತದೆ. 2021ರ ಅಕ್ಟೋಬರ್ 1ರಿಂದ ನವೆಂಬರ್ 10ರವರೆಗೆ, ಸುಮಾರು ನಲವತ್ತು ದಿನಗಳಲ್ಲಿ, ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಆಟದಿಂದ 25 ಲಕ್ಷಕ್ಕೂ ಹೆಚ್ಚು ಖಾತೆಗಳನ್ನು ಶಾಶ್ವತವಾಗಿ ತೆಗೆದುಹಾಕಿರುವುದಾಗಿ ಅದರ ಕಂಪನಿಯೇ ಪ್ರಕಟಿಸಿತು. ಒಬ್ಬನಿಗೆ ಹಲವು ಖಾತೆಗಳಿರಬಹುದೆಂದು ಕಳೆದರೂ ಇದು ಸಣ್ಣ ಸಂಖ್ಯೆಯಲ್ಲ. ಇವರೆಲ್ಲ ಯಾರೋ ಪರದೇಶದವರಲ್ಲ, ನಮ್ಮ ನಿಮ್ಮಂಥವರ ಮನೆಯವರು.

ಪರವೂರಿನಲ್ಲಿ ನೆಲೆಸಿದ ನಮ್ಮ ಮನೆಗಳಿಗೆ ಈ ಆಟಗಳು ಕಾರಣವಿಲ್ಲದೆ ಬಂದಿಲ್ಲ. ಬೀದಿಯ ಭಾಷೆ ಬೇರೆ, ಮನೆಯ ಭಾಷೆ ಬೇರೆಯಾದ ಹುಡುಗನಿಗೆ ಧಾರವಾಡದ ಚಿಕ್ಕಪ್ಪನ ಮಗನೊಡನೆ ಕನ್ನಡದಲ್ಲಿ ಹರಟಲು ಸಂಜೆಯ ಆ ಒಂದು ಗಂಟೆಯ ಆಟವೇ ನೆಪ. ಅದನ್ನು ಪೂರ್ತಿ ಕಿತ್ತುಕೊಳ್ಳುವುದು ಸುಲಭವೂ ಅಲ್ಲ, ಸರಿಯೂ ಅಲ್ಲ. ಆದರೆ ಅವನು ಸೋತು ಸೋತು ಬೇಸತ್ತಾಗ, ಗೆಲ್ಲಿಸಿಕೊಡುತ್ತೇವೆಂದು ಕಳ್ಳ ತಂತ್ರಾಂಶ ಮಾರುವವರು ಹೊಂಚು ಹಾಕಿರುತ್ತಾರೆಂಬುದು ನಮಗೆ ತಿಳಿದಿರಬೇಕು. 2018ರಲ್ಲಿ ಚೀನದ ಪೊಲೀಸರು ಪಬ್‌ಜಿ ಆಟಕ್ಕೆ ಇಂಥವುಗಳನ್ನು ಮಾಡಿ ಮಾರುತ್ತಿದ್ದ 15 ಜನರನ್ನು ಹಿಡಿದಾಗ, ಅವುಗಳಲ್ಲಿ ಕೆಲವು ಕೊಂಡವನ ಗಣಕದೊಳಗಿನ ವಿವರಗಳನ್ನೇ ಕದಿಯುತ್ತಿದ್ದುದು ಗೊತ್ತಾಯಿತು. ಪಕ್ಕದವನ ಕಾಯಿ ಕದಿಯಹೋದವನ ಗಂಟೇ ಕಳುವಾಯಿತು. ಅಪ್ಪನ ಬ್ಯಾಂಕಿನ ಕೆಲಸವೂ ಅದೇ ಫೋನಿನಲ್ಲಿ ನಡೆಯುವ ಮನೆಯಲ್ಲಿ ಇದು ಆಟದ ಮಾತಾಗಿ ಉಳಿಯುವುದಿಲ್ಲ.

ಇಂಥ ಸಮಯದಲ್ಲಿ ಮನೆಯ ಹಿರಿಯರು ಕೌಟಿಲ್ಯನ ಆ ಚರ್ಚೆಯನ್ನು ನೆನೆಯಬೇಕು. ಮೋಸ ಹೋದೆ ಎಂದೋ, ಮೋಸಕ್ಕೆ ಕೈ ಹಾಕಿ ಖಾತೆ ಕಳೆದುಕೊಂಡೆ ಎಂದೋ ಹುಡುಗ ಬಂದು ಹೇಳಿದಾಗ, ಓದುವುದು ಬಿಟ್ಟು ಆಡಿದ್ದಕ್ಕೆ ಹೀಗಾಯಿತು ಎಂದು ಗದರಿಸಿದರೆ ಅವನು ಇನ್ನೊಮ್ಮೆ ಹೇಳುವುದಿಲ್ಲ. ಸೋತವನಿಗೇ ದಂಡ ಹೆಚ್ಚು ಹಾಕುವ ಆ ಹಳೆಯ ಆಚಾರ್ಯರ ನ್ಯಾಯ ಅದು. ಮೊದಲು ಅವನ ಮಾತನ್ನು ಪೂರ್ತಿ ಕೇಳಬೇಕು. ಏನನ್ನು ಇಳಿಸಿಕೊಂಡ, ಯಾರಿಗೆ ಹಣ ಕೊಟ್ಟ, ಯಾವ ಗುಪ್ತಪದವನ್ನು ಹೇಳಿದ ಎಂದು ವಿಚಾರಿಸಿ, ಗುಪ್ತಪದಗಳನ್ನೆಲ್ಲ ಅಂದೇ ಬದಲಾಯಿಸಬೇಕು. ಆಟದವರಿಗೆ ದೂರು ಬರೆಯಲು ಅವನ ಜೊತೆ ಕೂರಬೇಕು. ಬುದ್ಧಿವಾದಕ್ಕೆ ಮರುದಿನವೂ ಸಮಯವಿರುತ್ತದೆ.